‘ನಾಟಕ ಪ್ಲಸ್ ಡಿನ್ನರ್’ ಪ್ಯಾಕೇಜ್ ಅಂದ್ರೆ ದಯವಿಟ್ಟು ದುಡ್ಡು ಹಾಕಬೇಡಿ

ಮೊದಲೇ ಹೇಳಿಬಿಡ್ತೀನಿ. ಪ್ರತಿ ಗುರುವಾರ ರಾತ್ರಿ ನಿಮ್ಮ ಫೋನಿಗೆ ‘ಈ ವೀಕೆಂಡ್ ಎಲ್ಲಿಗೆ ಹೋಗೋದು’ ಅಂತ ಉದ್ದನೆಯ ಪಟ್ಟಿ ಬರುತ್ತಿದ್ದು, ಅದರ ಕೊನೆಯಲ್ಲಿ ‘ನಾಟಕ ಪ್ಲಸ್ ಡಿನ್ನರ್, ಕೆಲವೇ ಸೀಟು’ ಅಂತ ಇದ್ದರೆ ದುಡ್ಡು ಹಾಕಬೇಡಿ. ಈಗಾಗಲೇ ಹಾಕಿದ್ದರೆ ಓದೋದು ನಿಲ್ಲಿಸಿ, ಬ್ಯಾಂಕಿಗೆ ಫೋನ್ ಮಾಡಿ, ಆಮೇಲೆ ಓದಿ.

ನಾನು ಹಾಕಿದೆ. ಐದು ಜನರದ್ದು. ಅಪ್ಪ, ಅತ್ತೆ, ಮಾವ, ನನ್ನವರು, ನಾನು.

ನಂಬಿದ್ದು ಯಾಕೆ ಅಂತ ಕೇಳ್ತೀರಿ, ಮನೆಯಲ್ಲೂ ಅದನ್ನೇ ಕೇಳಿದರು. ಆ ಪಟ್ಟಿ ಕಳಿಸ್ತಿದ್ದವನು ಮೂರು ತಿಂಗಳಲ್ಲಿ ಕೊಟ್ಟ ಸಲಹೆ ಒಂದೂ ಸುಳ್ಳಾಗಿರಲಿಲ್ಲ. ಚಿತ್ರಕಲಾ ಪ್ರದರ್ಶನಕ್ಕೆ ಭಾನುವಾರವೇ ಕೊನೆ ಅಂದ, ಹೋದೆವು, ನಿಜವಾಗಿಯೂ ಕೊನೆಯ ದಿನ. ಹೊಸ ಹೋಟೆಲಲ್ಲಿ 7:30ರ ಮೇಲೆ ಜಾಗ ಸಿಗಲ್ಲ, ಬೇಗ ಹೋಗಿ ಅಂದ, ಅದೂ ನಿಜ. ಇದಕ್ಕೆಲ್ಲ ಅವನು ಏನೂ ಕೇಳಲಿಲ್ಲ. ಅದೆಲ್ಲ ಸಭಾಂಗಣದ ನೋಟಿಸ್ ಬೋರ್ಡಿನಲ್ಲಿ, ಪತ್ರಿಕೆಯ ಕಾರ್ಯಕ್ರಮಗಳ ಕಾಲಂನಲ್ಲಿ ಯಾರಿಗೆ ಬೇಕಾದರೂ ಸಿಗೋ ಮಾಹಿತಿ ಅನ್ನೋದು ಆಗ ಹೊಳೆಯಲಿಲ್ಲ. ಮೂರು ತಿಂಗಳು ಪುಕ್ಕಟೆ ಕೊಟ್ಟು ನಂಬಿಕೆ ಸಂಪಾದಿಸಿದ. ಮೂರು ತಿಂಗಳು!

ಆಮೇಲೆ ಬಂತು ಆ ಮೆಸೇಜು. ‘ಅಕ್ಕ, ಶನಿವಾರದ ನಾಟಕ ಹೌಸ್‌ಫುಲ್. ನನ್ನ ಹತ್ರ ಐದು ಸೀಟಿದೆ. ಪಕ್ಕದ ಹೋಟೆಲಲ್ಲಿ ಕಿಟಕಿ ಹತ್ರದ ಟೇಬಲ್ಲೂ ಬುಕ್ ಮಾಡಿಸಿದ್ದೀನಿ. ಇನ್ನಿಬ್ಬರು ಕೇಳ್ತಿದ್ದಾರೆ, ನಿಮಗೇ ಕೊಡೋಣ ಅಂತ.’ ಅಪ್ಪ ಕಾಲೇಜಿನಲ್ಲಿದ್ದಾಗ ಅದೇ ನಾಟಕದಲ್ಲಿ ಸಣ್ಣ ಪಾತ್ರ ಮಾಡಿದ್ದರು. ಮಂಡಿನೋವು ಶುರುವಾದ ಮೇಲೆ ಹೊರಗೆ ಹೋಗೋದೇ ಬಿಟ್ಟಿದ್ದಾರೆ. ಹೇಳಿದ ತಕ್ಷಣ ‘ಯಾವತ್ತು?’ ಅಂದರು. ಅಷ್ಟು ಸಾಕಾಯಿತು ನನಗೆ. ಟಿಕೆಟ್ ಕಂಪನಿಯ ಆ್ಯಪ್ ತೆರೆದು ಸೀಟು ಖಾಲಿ ಇದೆಯಾ ಅಂತ ನೋಡಲಿಲ್ಲ. ರಂಗಮಂದಿರಕ್ಕೆ ಫೋನ್ ಮಾಡಲಿಲ್ಲ. ಅವನ ಅಕೌಂಟಿಗೆ ನೇರವಾಗಿ ದುಡ್ಡು ಹಾಕಿದೆ. ಹತ್ತು ನಿಮಿಷದಲ್ಲಿ ಐದು ಟಿಕೆಟ್ಟಿನ ಫೋಟೋ ಬಂತು, ಕ್ಯೂಆರ್ ಕೋಡ್ ಸಮೇತ. ಸಾಲು, ಸೀಟಿನ ನಂಬರು, ಎಲ್ಲ ಇತ್ತು.

ಶನಿವಾರ 6:40ಕ್ಕೆ ಬಾಗಿಲಲ್ಲಿದ್ದೆವು. ಅಪ್ಪ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಅತ್ತೆಯವರ ಮುಂದೆ ತಮ್ಮ ಹಳೇ ಡೈಲಾಗು ಹೇಳ್ತಾ ನಿಂತಿದ್ದರು. ಬಾಗಿಲಲ್ಲಿದ್ದ ಹುಡುಗಿ ಮೊದಲ ಟಿಕೆಟ್ ಸ್ಕ್ಯಾನ್ ಮಾಡಿದಳು. ಕೆಂಪು. ಎರಡನೆಯದು ಕೆಂಪು. ಮೂರನೆಯದೂ. ಸ್ಕ್ರೀನ್ ಬ್ರೈಟ್ ಮಾಡಿ ಅಂದಳು, ಮಾಡಿದೆ. ಕೆಂಪೇ.

‘ಮೇಡಂ, ಈ ಟಿಕೆಟ್ 6:20ಕ್ಕೇ ಒಳಗೆ ಹೋಗಿದೆ.’

ಏನೋ ತಪ್ಪಾಗಿದೆ, ಇನ್ನೊಂದ್ಸಲ ನೋಡಿ ಅಂತ ನಾನು ದನಿ ಏರಿಸಿದೆ. ಹಿಂದೆ ಕ್ಯೂ ಬೆಳೀತಿತ್ತು. ಆ ಹುಡುಗಿ ಸಿಟ್ಟಾಗಲಿಲ್ಲ. ನನ್ನ ಫೋನ್ ತಗೊಂಡು ಎರಡು ಫೋಟೋ ಒಂದರ ಪಕ್ಕ ಒಂದು ಹಿಡಿದು, ‘ಚೌಕ ನೋಡಿ ಮೇಡಂ, ಎರಡೂ ಒಂದೇ’ ಅಂದಳು. ನೋಡಿದೆ. ಒಂದೇ. ಐದೂ ಒಂದೇ. ಕೆಳಗಿನ ಸೀಟಿನ ನಂಬರು ಮಾತ್ರ ಬೇರೆ ಬೇರೆ, ಅದೂ ಮೇಲೆ ಟೈಪ್ ಮಾಡಿ ಅಂಟಿಸಿದ್ದು. ಎರಡು ದಿನ ನನ್ನ ಕೈಯಲ್ಲೇ ಇದ್ದ ಫೋಟೋಗಳು. ಒಂದ್ಸಲ ಪಕ್ಕಪಕ್ಕ ಇಟ್ಟು ನೋಡಿದ್ದರೆ ಸಾಕಿತ್ತು. ಮುಖ ಬೆಂಕಿ ಹತ್ತಿದ ಹಾಗಾಯಿತು. ಅತ್ತೆ ಏನೂ ಅನ್ನಲಿಲ್ಲ, ಬ್ಯಾಗಿನ ಜಿಪ್ ಹಾಕೋದು ತೆಗೆಯೋದು ಮಾಡ್ತಿದ್ದರು. ಅಪ್ಪನ ಡೈಲಾಗು ನಿಂತಿತ್ತು.

ಪಕ್ಕದಲ್ಲೇ ಇನ್ನೊಂದು ಕುಟುಂಬ, ಗಂಡ ಹೆಂಡತಿ ಎರಡು ಮಕ್ಕಳು. ಅವರ ಫೋನಿನಲ್ಲೂ ಅದೇ ಚೌಕ.

ಅಲ್ಲಿಂದಲೇ ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮೆಸೇಜಿಗೆ ಉತ್ತರ ಬಂತು: ‘ಒಂದ್ನಿಮಿಷ ಮೇಡಂ, ಚೆಕ್ ಮಾಡ್ತೀನಿ.’ ದುಡ್ಡು ಬರೋವರೆಗೆ ಅಕ್ಕ, ಬಂದ ಮೇಲೆ ಮೇಡಂ! ‘ನೀವು ಲೇಟಾಗಿ ಹೋಗಿದ್ದೀರಿ ಅನ್ಸುತ್ತೆ.’ ಇಪ್ಪತ್ತು ನಿಮಿಷ ಮುಂಚೆ ಬಂದಿದ್ದೀವಿ ಅಂದೆ. ‘ಅಲ್ಲಿನ ಮೆಷಿನ್ ಪ್ರಾಬ್ಲಮ್ಮು.’ ಐದಕ್ಕೂ ಒಂದೇ ಕೋಡ್ ಯಾಕಿದೆ ಅಂದೆ. ಅದಕ್ಕೆ ಉತ್ತರವಿಲ್ಲ. ಮೂರನೇ ಬೆಲ್ ಹೊಡೀತು, ಬಾಗಿಲು ಹಾಕಿದರು. ಆಮೇಲೆ ಬಂತು: ‘ಪರವಾಗಿಲ್ಲ ಮೇಡಂ, ಟೇಬಲ್ ಇದೆಯಲ್ಲ, ಊಟ ಎಂಜಾಯ್ ಮಾಡಿ.’

ಊಟ ಎಂಜಾಯ್ ಮಾಡಬೇಕಂತೆ. ಹೋದೆವು, ಅದನ್ನೂ ನೋಡೇಬಿಡೋಣ ಅಂತ. ಹೋಟೆಲಿನವರು ರಿಜಿಸ್ಟರ್ ತಿರುಗಿಸಿ ತೋರಿಸಿದರು, ನನ್ನ ಹೆಸರಿಲ್ಲ, ಅವನ ಹೆಸರೂ ಇಲ್ಲ. ‘ಟೇಬಲ್ಲಿಗೆ ನಾವು ಅಡ್ವಾನ್ಸೇ ತಗೊಳಲ್ಲ’ ಅಂದರು. ಅಪ್ಪ ಮೆತ್ತಗೆ ‘ಬಿಡು ಮಗಳೇ, ಮನೆಗೆ ಹೋಗೋಣ’ ಅಂದರು. ಮನೆಗೆ ಹೋಗಿ ಅನ್ನ ಇಟ್ಟೆ.

ಮಾರನೇ ದಿನ ರಂಗಮಂದಿರದ ಕೌಂಟರಿಗೆ ಫೋನ್ ಮಾಡಿದೆ. ನಾಟಕ ಹೌಸ್‌ಫುಲ್ ಆಗಿರಲೇ ಇಲ್ಲ. ಹಿಂದಿನ ಸಾಲುಗಳು ಖಾಲಿ ಇದ್ದವಂತೆ. ಕೌಂಟರಿನಲ್ಲೇ ಕೇಳಿದ್ದರೆ ಕೂತು ನೋಡಬಹುದಿತ್ತು. ದುಡ್ಡು ಹೋದದ್ದಕ್ಕಿಂತ ಇದು ನನ್ನನ್ನು ಕೊರೀತಿದೆ.

ಅವನ ಕೊನೆಯ ಉತ್ತರಗಳನ್ನೂ ಕೇಳಿ. ‘ನಾನು ಬರೀ ಸಲಹೆ ಕೊಡೋನು ಮೇಡಂ, ಟಿಕೆಟ್ ಬೇರೆಯವರದ್ದು.’ ‘ಮುಂದಿನ ವಾರ ಅಡ್ಜಸ್ಟ್ ಮಾಡ್ತೀನಿ.’ ‘ಓದಿದವರು ನೀವು, ಇಷ್ಟಕ್ಕೆಲ್ಲ ಯಾಕೆ ಗಲಾಟೆ?’ ಆಮೇಲೆ ಬ್ಲಾಕ್.

ಬ್ಯಾಂಕಿನವರು ದೂರು ಬರೆದುಕೊಂಡರು. ಆದರೆ ನಾವೇ ಕೈಯಾರೆ ನೇರವಾಗಿ ಕಳಿಸಿದ ದುಡ್ಡು ವಾಪಸ್ ಬರೋದು ಕಷ್ಟ, ಟಿಕೆಟ್ ಕಂಪನಿಗೆ ಕಾರ್ಡಿನಲ್ಲಿ ಕಟ್ಟಿದ್ದರೆ ತಕರಾರು ಎತ್ತಬಹುದಿತ್ತು ಅಂದರು. ಸೈಬರ್ ಪೊಲೀಸರಿಗೂ ಕೊಟ್ಟಿದ್ದೀನಿ.

ನನಗೆ ಈಗ ಗೊತ್ತಾಗಿರೋದು ಇಷ್ಟು. ಫೋಟೋ ಬಂದರೆ ಟಿಕೆಟ್ ಬಂತು ಅಂತಲ್ಲ. ಬಾಗಿಲಲ್ಲಿ ಆ ಚೌಕವನ್ನು ಮೊದಲು ತೋರಿಸಿದವರು ಒಳಗೆ, ಆಮೇಲೆ ಬಂದವರು ಹೊರಗೆ. ಒಂದೇ ಫೋಟೋ ನೂರು ಜನಕ್ಕೆ ಕಳಿಸಬಹುದು. ನಿಜವಾಗಿ ಮಾರುವವರಾದರೆ ಟಿಕೆಟ್ ಕಂಪನಿಯ ಆ್ಯಪಿನಲ್ಲೇ ನಿಮ್ಮ ಹೆಸರಿಗೆ ವರ್ಗಾಯಿಸಲಿ, ಆ ಸೌಲಭ್ಯ ಇಲ್ಲದಿದ್ದರೆ ಕೊಳ್ಳಲೇಬೇಡಿ. ನಿಮ್ಮ ಒಳ್ಳೆ ಟಿಕೆಟ್ಟಿನ ಫೋಟೋ ಸ್ಟೇಟಸ್‌ಗೂ ಹಾಕಬೇಡಿ. ಬೆರಳಿನಿಂದ ಒಂದಿಷ್ಟು ಮುಚ್ಚಿದರೆ ಸಾಲದು, ಆ ಚೌಕ ಸ್ವಲ್ಪ ಮುಚ್ಚಿಹೋದರೂ ಸ್ಕ್ಯಾನ್ ಆಗುವ ಹಾಗೇ ಮಾಡಿರ್ತಾರೆ. ಹೋಟೆಲಿಗೆ ನೀವೇ ಫೋನ್ ಮಾಡಿ, ಅವನು ಕೊಟ್ಟ ನಂಬರಿಗಲ್ಲ.

ಈ ಗುರುವಾರ ನನ್ನ ತಂಗಿಯ ಫೋನಿಗೆ ಪಟ್ಟಿ ಬಂದಿದೆ. ಬೇರೆ ನಂಬರು, ಅದೇ ಧಾಟಿ. ಪ್ರದರ್ಶನ, ಸಂಗೀತ ಕಛೇರಿ, ಹೊಸ ಹೋಟೆಲು, ಕೊನೆಯಲ್ಲಿ ‘ಅಕ್ಕ, ನಾಲ್ಕೇ ಸೀಟು ಉಳಿದಿದೆ’. ಆ ಶನಿವಾರದ ನಾಟಕಕ್ಕೆ ಹೀಗೆ ದುಡ್ಡು ಕಟ್ಟಿದವರು ಯಾರಾದರೂ ಇದ್ದರೆ ನನಗೆ ಬರೆಯಿರಿ. ಐದೂ ಫೋಟೋ ಇಟ್ಟುಕೊಂಡಿದ್ದೀನಿ, ನಿಮ್ಮದರ ಪಕ್ಕ ಇಟ್ಟು ನೋಡೋಣ. ದೂರಿನ ಜೊತೆ ಅದನ್ನೂ ಸೇರಿಸ್ತೀನಿ.