ಮಹಾಲಕ್ಷ್ಮಿಯ ಟಾಟಾ ಪ್ರಾಣಿ ಆಸ್ಪತ್ರೆ: ಪಾಲಿಕೆ ಕೊಟ್ಟ ಜಾಗ ಸಾರ್ಥಕವಾಗಿದೆ

ಈ ಆಸ್ಪತ್ರೆಗೆ ಹೋಗಿ ಬಂದವರೆಲ್ಲ ಅಲ್ಲಿನ ಯಂತ್ರಗಳ ಬಗ್ಗೆ ಹೇಳುತ್ತಾರೆ. ನಾನು ಮೊದಲು ಜಾಗದ ಬಗ್ಗೆ ಹೇಳುತ್ತೇನೆ. ಮುಂಬಯಿಯಲ್ಲಿ ಜಾಗವೇ ಎಲ್ಲ, ಅಲ್ವಾ? ಮಹಾಲಕ್ಷ್ಮಿ ಅಂದರೆ ಬಿಲ್ಡರುಗಳು ಕಣ್ಣಿಟ್ಟು ಕೂತಿರುವ ಏರಿಯಾ. ಅಂಥ ಕಡೆ ಸುಮಾರು ಎರಡು ಎಕರೆ ಜಾಗವನ್ನು ನಾಯಿ, ಬೆಕ್ಕುಗಳ ಆಸ್ಪತ್ರೆಗೆ ಅಂತ ಬೃಹನ್ಮುಂಬಯಿ ಪಾಲಿಕೆ ಬಿಟ್ಟುಕೊಟ್ಟಿದೆ. ಟಾಟಾ ಟ್ರಸ್ಟ್ಸ್ 165 ಕೋಟಿ ರೂಪಾಯಿ ಹಾಕಿ ಕಟ್ಟಡ ಎಬ್ಬಿಸಿತು. ನೆಲಮಹಡಿ, ಅದರ ಮೇಲೆ ನಾಲ್ಕು ಮಹಡಿ, 200 ಹಾಸಿಗೆ. 2024ರ ಜುಲೈಯಲ್ಲಿ ಆಸ್ಪತ್ರೆ ಶುರುವಾಯಿತು.

ಮೊದಲು ಇದನ್ನು ನವಿ ಮುಂಬಯಿಯ ಕಳಂಬೋಲಿಯಲ್ಲಿ ಕಟ್ಟಬೇಕು ಅಂತಿತ್ತು. ಅಷ್ಟು ದೂರ ಜನ ಪ್ರಾಣಿಗಳನ್ನು ಕರೆತರುವುದು ಕಷ್ಟ ಅಂತ ರತನ್ ಟಾಟಾ ಅವರು ಅದನ್ನು ಊರೊಳಗೆ ತರಿಸಿದರು. ಆ ಒಂದು ನಿರ್ಧಾರದ ಬೆಲೆ ನನಗೆ ಚೆನ್ನಾಗಿ ಗೊತ್ತು.

ನಾನು ಸಾಯನ್‌ನ ಒಂದು ಉಡುಪಿ ಹೋಟೆಲಿನಲ್ಲಿ ಗಲ್ಲೆಯಲ್ಲಿ ಕೂರುವವನು. ಊರು ಕುಂದಾಪುರದ ಕಡೆ. ಹೋಟೆಲಿನ ಹಿಂಬಾಗಿಲಲ್ಲಿ ಮಲಗುವ ಬೀದಿನಾಯಿ ಕರಿಯ ಕಳೆದ ಮಳೆಗಾಲದಲ್ಲಿ ಊಟ ಬಿಟ್ಟ. ಇಡ್ಲಿ ಇಟ್ಟರೆ ಮೂಸಿಯೂ ನೋಡಲಿಲ್ಲ. ರಾತ್ರಿ ಪಾತ್ರೆ ತೊಳೆಯುವ ಹುಡುಗ ಓಡಿ ಬಂದು, "ಅಣ್ಣಾ, ಕರಿಯ ಏಳುದಿಲ್ಲ ಮಾರಾಯ್ರೆ" ಅಂದ. ತುಟಿ ಎತ್ತಿ ನೋಡಿದರೆ ವಸಡು ಸುಣ್ಣ ಬಳಿದ ಹಾಗೆ ಬೆಳ್ಳಗಿತ್ತು. ಹತ್ತಿರದ ಕ್ಲಿನಿಕ್‌ನಲ್ಲಿ ಫೋನ್ ಎತ್ತಲಿಲ್ಲ. ಸಾಯನ್ ದಾಟಿ ಆ ಕಡೆ ಆಟೋ ಓಡುವ ಹಾಗಿಲ್ಲ. ಟ್ಯಾಕ್ಸಿಯವರು ನಾಯಿ ನೋಡಿದ ಕೂಡಲೇ ತಲೆ ಆಡಿಸಿ ಹೋಗುತ್ತಿದ್ದರು. ಕೊನೆಗೆ ಒಬ್ಬ ಹಿರಿಯ ಡ್ರೈವರ್ ಸೀಟಿನ ಮೇಲೆ ಗೋಣಿಚೀಲ ಹಾಸಿಕೊಂಡು ಹತ್ತಿಸಿಕೊಂಡರು. ಇದೇ ಆಸ್ಪತ್ರೆ ವಾಶಿ ಸೇತುವೆ ದಾಟಿ ಪನ್ವೇಲ್ ಹತ್ತಿರ ಇದ್ದಿದ್ದರೆ ಅಷ್ಟು ದೂರ ಯಾರು ಬರುತ್ತಿದ್ದರು?

ಇಲ್ಲಿ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಕೌಂಟರಿನಲ್ಲಿ ಹೆಸರು, ಫೋನ್ ನಂಬರ್ ಕೇಳಿದರು. ಬೀದಿನಾಯಿ ಅಂದಾಗ ಮುಖ ಸಿಂಡರಿಸಲಿಲ್ಲ. ಡಾಕ್ಟರಮ್ಮ ನೆಲದ ಮೇಲೇ ಕೂತರು. ವಸಡನ್ನು ಹೆಬ್ಬೆರಳಲ್ಲಿ ಒತ್ತಿ ಬಿಟ್ಟು, ಬಣ್ಣ ಎಷ್ಟು ಹೊತ್ತಿಗೆ ವಾಪಸ್ ಬರುತ್ತದೆ ಅಂತ ನೋಡಿದರು. ಆಮೇಲೆ ಕಾಲಿನ ಬೆರಳುಗಳ ಸಂದಿ ಬಿಡಿಸಿದರು. ಅಲ್ಲಿತ್ತು, ಕಡಲೆಕಾಳಿನಷ್ಟು ಉಬ್ಬಿದ ಉಣುಗು. ಕಿವಿಯೊಳಗೆ ಇನ್ನೂ ನಾಲ್ಕಾರು. ರಕ್ತ ಪರೀಕ್ಷೆಯಲ್ಲಿ ಟಿಕ್ ಫೀವರ್ ಅಂತ ಬಂತು. ಉಣುಗು ಕಚ್ಚಿದಾಗ ರೋಗಾಣು ರಕ್ತಕ್ಕೆ ಸೇರುತ್ತದೆ, ರಕ್ತಕಣಗಳು ಕಮ್ಮಿಯಾಗುತ್ತವೆ, ಅದಕ್ಕೇ ವಸಡು ಬೆಳ್ಳಗಾಗುತ್ತದೆ ಅಂತ ಅವರು ಹಿಂದಿಯಲ್ಲಿ ನಿಧಾನವಾಗಿ ವಿವರಿಸಿದರು. ರಕ್ತ ಕೊಡಬೇಕಾಗಬಹುದು ಅಂತಲೂ ಹೇಳಿದರು. ಪುಣ್ಯಕ್ಕೆ ಔಷಧಿಯಲ್ಲೇ ಚೇತರಿಸಿಕೊಂಡ. ಬಿಲ್ಲನ್ನು ಹೋಟೆಲಿನವರೆಲ್ಲ ಸೇರಿ ಕಟ್ಟಿದೆವು.

ನೋಡಿ, ಮುಂಬಯಿಗೆ ಪ್ರಾಣಿಗಳ ಆಸ್ಪತ್ರೆ ಹೊಸದೇನಲ್ಲ. ಪರೇಲಿನ ಬಾಯಿ ಸಕರ್‌ಬಾಯಿ ಆಸ್ಪತ್ರೆ ಬ್ರಿಟಿಷರ ಕಾಲದ್ದು, ದಿನ್‌ಶಾ ಪೆಟಿಟ್ ಅವರ ದಾನದಿಂದ ಶುರುವಾದದ್ದು. ಹಸು, ಕುದುರೆ, ಬೀದಿನಾಯಿ ಎಲ್ಲಕ್ಕೂ ಅದೇ ಆಸರೆ. ಅದೂ ಊರ ನಡುವೆಯೇ ಇದೆ, ಅದಕ್ಕೇ ಇಷ್ಟು ವರ್ಷ ಜನರಿಗೆ ಉಪಯೋಗಕ್ಕೆ ಬಂದಿದೆ.

ಈ ಮಾತನ್ನು ನಮ್ಮ ಕರ್ನಾಟಕದ ಪಾಲಿಕೆ, ಪುರಸಭೆಯವರೂ ಕೇಳಿಸಿಕೊಳ್ಳಬೇಕು. ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ಹಿಡಿದು ಆಶ್ರಯತಾಣದಲ್ಲಿ ಇಡಬೇಕು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹಾಗಾದರೆ ಜಾಗ ಬೇಕು. ಊರಾಚೆ ಕಸದ ಗುಡ್ಡದ ಪಕ್ಕ ಒಂದು ತುಂಡು ಜಮೀನು ತೋರಿಸಿ, ಯಾವುದೋ ಸಂಸ್ಥೆಯ ಕೈಗೆ ಕೀಲಿ ಕೊಟ್ಟು ಸುಮ್ನೆ ಕೂತರೆ ಏನೂ ಆಗುವುದಿಲ್ಲ. ಬಸ್ಸು ಹೋಗದ ಕಡೆ ಡಾಕ್ಟರೂ ಬರುವುದಿಲ್ಲ, ದತ್ತು ಕೇಳುವವರೂ ಬರುವುದಿಲ್ಲ. ನೀರು, ಕರೆಂಟು, ರಸ್ತೆ ಇರುವ ಜಾಗವನ್ನೇ ಕೊಡಬೇಕು. ಕೊಟ್ಟ ಮೇಲೆ ಪಾಲಿಕೆ ಕೈತೊಳೆದುಕೊಳ್ಳಲೂಬಾರದು. ಜಾಗ ಜನರದ್ದು. ಯಾವ ಷರತ್ತಿಗೆ ಕೊಟ್ಟಿದ್ದಾರೆ, ಬೀದಿಯ ಪ್ರಾಣಿಗೆ ಎಷ್ಟು ರಿಯಾಯಿತಿ, ಎಷ್ಟು ಪ್ರಾಣಿಗಳನ್ನು ನೋಡಿದರು, ಇದೆಲ್ಲ ಗೇಟಿನ ಬೋರ್ಡಿನಲ್ಲೇ ಊರವರ ಭಾಷೆಯಲ್ಲಿ ಬರೆದಿರಬೇಕು. ಇದು ಎಲ್ಲ ಊರಿಗೂ, ಎಲ್ಲ ಟ್ರಸ್ಟಿಗೂ ಅನ್ವಯಿಸುವ ಮಾತು. ದಾನ ಮಾಡುವವರು ಎಷ್ಟೇ ದೊಡ್ಡವರಿರಲಿ.

ಹೋಗುವವರಿಗೆ: ಹಳೆಯ ಚೀಟಿ, ಲಸಿಕೆ ಕಾರ್ಡು ಜೊತೆಗಿರಲಿ. ಬೀದಿನಾಯಿಯಾದರೆ ಹಗ್ಗ, ಹಳೆ ಬೆಡ್‌ಶೀಟು, ಜೊತೆಗೆ ಇನ್ನೊಬ್ಬರು ಇದ್ದರೆ ಒಳ್ಳೆಯದು. ದೊಡ್ಡ ನಾಯಿ ಸಾಕಿದವರಿಗೆ ಇನ್ನೊಂದು ಮಾತು. ಆಸ್ಪತ್ರೆ ಶುರುವಾಗುವ ಹೊತ್ತಿಗೇ, ಟಿಕ್ ಫೀವರ್ ಇರಬಹುದು ಅಂತ ಸೇರಿಸಿದ್ದ ಏಳು ತಿಂಗಳ ನಾಯಿಮರಿಯೊಂದಕ್ಕೆ ರಕ್ತ ಬೇಕಾಗಿ ರತನ್ ಟಾಟಾ ಅವರೇ ಇನ್‌ಸ್ಟಾಗ್ರಾಮ್‌ನಲ್ಲಿ ಮುಂಬಯಿಯವರನ್ನು ಕೇಳಿಕೊಂಡಿದ್ದರು. ಒಂದರಿಂದ ಎಂಟು ವರ್ಷದೊಳಗಿನ, 25 ಕಿಲೋಗಿಂತ ಜಾಸ್ತಿ ತೂಕದ, ಲಸಿಕೆ ಆಗಿರುವ, ಆರೋಗ್ಯವಾಗಿರುವ ನಾಯಿ ರಕ್ತ ಕೊಡಬಹುದು. ನಿಮ್ಮ ಮನೆಯಲ್ಲಿ ಅಂಥದ್ದಿದ್ದರೆ ಮುಂದಿನ ಸಲ ಲಸಿಕೆಗೆ ಹೋದಾಗ ಡಾಕ್ಟರ ಹತ್ತಿರ ಕೇಳಿ.