ಮರ್ಸಿಡಿಸ್ 280 ಎಸ್‌ಎಲ್ ‘ಪಗೋಡಾ’: ಕೊಂಡು ಕೆಲವು ವರ್ಷ ಓಡಿಸಿದ ಮೇಲೆ

ಪೂರ್ತಿ ರಿಸ್ಟೋರ್ ಆದ, ಅಂದರೆ ಹಳೆಯದನ್ನು ಹೊಸದರಂತೆ ಮಾಡಿದ, 1970ರ ಮರ್ಸಿಡಿಸ್ 280 ಎಸ್‌ಎಲ್ ಕೊಂಡು ಕ್ಯಾಲಿಫೋರ್ನಿಯಾದಲ್ಲಿ ಕೆಲವು ವರ್ಷ ಓಡಿಸಿದ್ದೇನೆ. ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಕಾರು ಸೊಗಸು, ಮಾರುವ ಮನಸ್ಸಿಲ್ಲ. ಆದರೆ ಮಾರಾಟದ ಫೋಟೊಗಳಲ್ಲಿ ಕಣ್ಣು ಕುಕ್ಕುವ ಬಣ್ಣ, ಕ್ರೋಮ್, ಚರ್ಮದ ಸೀಟುಗಳಿಗೂ ಕಾರು ಚೆನ್ನಾಗಿ ಓಡುವುದಕ್ಕೂ ಸಂಬಂಧ ಬಹಳ ಕಡಿಮೆ. ಓಡುವುದನ್ನು ನಿರ್ಧರಿಸುವ ಇಂಧನ ಪಂಪಿನದು ಒಂದು ಫೋಟೊವನ್ನೂ ಯಾರೂ ಹಾಕುವುದಿಲ್ಲ.

ಈ ಕಾರಿನ ಪರಿಚಯ ಇಲ್ಲದವರಿಗೆ ಎರಡು ಮಾತು. ಕಂಪನಿಯವರು ಡಬ್ಲ್ಯು 113 ಎಂದು ಕರೆಯುವ, ಚಾವಣಿ ತೆಗೆದು ಓಡಿಸಬಹುದಾದ ಈ ಕಾರುಗಳ ಸರಣಿ 1963ರ ಮಾರ್ಚ್‌ನಲ್ಲಿ ಜಿನೀವಾ ಮೋಟಾರ್ ಷೋನಲ್ಲಿ 230 ಎಸ್‌ಎಲ್ ರೂಪದಲ್ಲಿ ಹೊರಬಂತು. ಆಮೇಲೆ 250, ಕೊನೆಗೆ 280. 1971ಕ್ಕೆ ನಿಂತಿತು. ಒಟ್ಟು ತಯಾರಾದದ್ದು 48,912, ಅದರಲ್ಲಿ 280 ಎಸ್‌ಎಲ್ 23,885. ಆ 280ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಮೆರಿಕಕ್ಕೇ ಬಂದವಾದ್ದರಿಂದ ಇಲ್ಲಿ ಹುಡುಕುವುದು ಕಷ್ಟವಲ್ಲ, ಆರಿಸುವುದು ಕಷ್ಟ. ವಿನ್ಯಾಸ ಪಾಲ್ ಬ್ರಾಕ್ ಅವರದು. ಪಗೋಡಾ ಗುಡಿಯ ಮಾಡಿನಂತೆ ನಡುವೆ ತಗ್ಗಿ ಅಂಚಿನಲ್ಲಿ ಎದ್ದು ನಿಂತು ಕಾರಿಗೆ ಆ ಅಡ್ಡಹೆಸರು ತಂದ, ಕಳಚಿಡಬಹುದಾದ ಗಟ್ಟಿ ಚಾವಣಿ ಅಥವಾ ಹಾರ್ಡ್‌ಟಾಪ್‌ನ ಹಿಂದೆ ಬೇಲಾ ಬಾರೆನಿ ಎಂಬ ಸುರಕ್ಷತಾ ಎಂಜಿನಿಯರರ ಯೋಚನೆ ಇದೆ. ಅದು ಬರೀ ಚೆಂದಕ್ಕಲ್ಲ. ಅಂಚು ಎತ್ತರವಾದ್ದರಿಂದ ಪಕ್ಕದ ಗಾಜು ದೊಡ್ಡದು, ಹತ್ತುವಾಗ ತಲೆ ತಾಗುವುದಿಲ್ಲ. 1963ರಲ್ಲೇ ಇದೇ ಸರಣಿಯ 230, ಬೆಲ್ಜಿಯಂನಿಂದ ಬಲ್ಗೇರಿಯಾಕ್ಕೆ ಹೋಗಿ ಬರುವ ಕಠಿಣ ಲಿಯೇಜ್-ಸೋಫಿಯಾ-ಲಿಯೇಜ್ ರ್‍ಯಾಲಿ ಗೆದ್ದಿತ್ತು ಎಂದರೆ, ನೋಡುವುದಕ್ಕೆ ನಾಜೂಕಾದ ಈ ಗಾಡಿಯನ್ನು ಯಾರೂ ಹಗುರವಾಗಿ ಕಾಣಲಾರರು.

ನನ್ನದು ಬೂದು ನೀಲಿ ಮೆಟಾಲಿಕ್, ಆಟೊಮ್ಯಾಟಿಕ್. ಮಾರಿದ ಅಂಗಡಿಯವರು ಕೊಟ್ಟ ಫೈಲಿನಲ್ಲಿ ಬಣ್ಣದ ಕೆಲಸಕ್ಕೆ ಪುಟಗಟ್ಟಲೆ ಬಿಲ್ಲುಗಳಿದ್ದವು. ಪಂಪ್ ಬಗ್ಗೆ ಕೇಳಿದರೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂಥ ಉತ್ತರ: “ಎಲ್ಲಾ ನೋಡಿದ್ದೇವೆ.” ಮನೆಗೆ ಬಂದ ಮೊದಲ ತಿಂಗಳಲ್ಲೇ ಗೊತ್ತಾಯಿತು, ನೋಡಿದ್ದರು, ಮುಟ್ಟಿರಲಿಲ್ಲ. ಬೆಳಿಗ್ಗೆ ಚೆನ್ನಾಗಿ ಸ್ಟಾರ್ಟ್ ಆಗುತ್ತಿತ್ತು. ಬಿಸಿಯಾದ ಮೇಲೂ ಕಪ್ಪು ಹೊಗೆ, ಗ್ಯಾರೇಜ್ ತುಂಬ ಪೆಟ್ರೋಲ್ ವಾಸನೆ, ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಕುಂಟುವುದು.

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಏಕೆಂದರೆ ಈ ಕಾರಿನ ಜೀವ ಇರುವುದೇ ಇಲ್ಲಿ. ಇದರಲ್ಲಿ ಕಾರ್ಬ್ಯುರೇಟರ್ ಇಲ್ಲ, ಕಂಪ್ಯೂಟರೂ ಇಲ್ಲ. 2,778 ಸಿಸಿಯ ಆರು ಸಿಲಿಂಡರ್ ಎಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವುದು ಬಾಷ್ ಕಂಪನಿಯ ಯಾಂತ್ರಿಕ ಇಂಜೆಕ್ಷನ್ ಪಂಪ್, ಒಂದೊಂದು ಸಿಲಿಂಡರಿಗೆ ಪೆಟ್ರೋಲ್ ತಳ್ಳುವ ಒಂದೊಂದು ಪ್ಲಂಜರ್. ಎಷ್ಟು ಪೆಟ್ರೋಲ್ ಕೊಡಬೇಕು ಎಂಬ ಲೆಕ್ಕವನ್ನೆಲ್ಲ ಒಳಗಿನ ಕ್ಯಾಮ್, ಸ್ಪ್ರಿಂಗು, ಸನ್ನೆಕೋಲುಗಳೇ ಮಾಡುತ್ತವೆ. ಎಂಜಿನ್ ತಣ್ಣಗಿದ್ದಾಗ ಹೆಚ್ಚು ಪೆಟ್ರೋಲ್ ಕೊಟ್ಟು, ರೇಡಿಯೇಟರ್ ನೀರು ಬಿಸಿಯಾದಂತೆ ಕಡಿಮೆ ಮಾಡುವ ಒಂದು ಥರ್ಮೋಸ್ಟಾಟ್ ಪಂಪಿನ ಮೇಲೆಯೇ ಕೂತಿದೆ. ಬೆಟ್ಟ ಹತ್ತಿದರೆ ಗಾಳಿಯ ಒತ್ತಡ ನೋಡಿ ಸರಿದೂಗಿಸುವ ಡಬ್ಬಿಯೊಂದು ಬೇರೆ. ನನ್ನ ಕಾರಿನಲ್ಲಿ ಆ ಥರ್ಮೋಸ್ಟಾಟ್ ಜಾಮ್ ಆಗಿತ್ತು. ಸಾಲದ್ದಕ್ಕೆ ಆಕ್ಸಿಲರೇಟರ್‌ನಿಂದ ಎಂಜಿನ್ನಿಗೆ ಗಾಳಿ ಬಿಡುವ ಕವಾಟವಾದ ಥ್ರಾಟಲ್‌ಗೂ ಪಂಪಿಗೂ ಹೋಗುವ ಸರಳುಗಳ ಉದ್ದ ತಪ್ಪಿತ್ತು. ಎರಡೂ ಒಟ್ಟಿಗೆ ತೆರೆಯಬೇಕಾದಲ್ಲಿ ಒಂದು ಮುಂದೆ, ಒಂದು ಹಿಂದೆ. ಇದನ್ನು ಸರಿ ಮಾಡದೆ ಯಾರೋ ಪಂಪಿನ ಹಿಂಬದಿಯ, ಗಾಳಿ-ಪೆಟ್ರೋಲ್ ಮಿಶ್ರಣ ಹೊಂದಿಸುವ ತಿರುಪನ್ನು ಮನಬಂದಂತೆ ತಿರುಗಿಸಿದ್ದರು.

ಹಳೆ ಬೆನ್ಜ್‌ಗಳಲ್ಲೇ ಕೈ ಪಳಗಿದ ಮೆಕ್ಯಾನಿಕ್ ಒಬ್ಬರು ಸಿಕ್ಕಿದ್ದು ನನ್ನ ಪುಣ್ಯ. ಅವರು ಸರಳುಗಳನ್ನು ಒಂದೊಂದಾಗಿ ಕಳಚಿ, ಅಳತೆ ಹಿಡಿದು, ಮತ್ತೆ ಕೂರಿಸಿದರು. ಥರ್ಮೋಸ್ಟಾಟ್ ಬಿಚ್ಚಿ ಶುಚಿ ಮಾಡಿದರು. ಆ ತಿರುಪಿನ ವಿಷಯದಲ್ಲಿ ಅವರು ಹೇಳಿಕೊಟ್ಟದ್ದು: ಎಂಜಿನ್ ಆರಿಸಿಯೇ ಮುಟ್ಟಬೇಕು. ಒಳಕ್ಕೆ ಒತ್ತಿ, ಹಲ್ಲಿಗೆ ಕಚ್ಚಿಸಿ, ಒಂದು ಕ್ಲಿಕ್ ತಿರುಗಿಸಿ, ಬಿಟ್ಟು, ಸ್ಟಾರ್ಟ್ ಮಾಡಿ ಕಿವಿಗೊಡಬೇಕು. ಓಡುತ್ತಿರುವಾಗ ಒತ್ತಿದರೆ ಪಂಪಿಗೇ ಪೆಟ್ಟು. ಅಂದಿನಿಂದ ಐಡ್ಲಿಂಗ್ ಎಷ್ಟು ನಯವಾಗಿದೆ ಎಂದರೆ ಸಿಗ್ನಲ್‌ನಲ್ಲಿ ಎಂಜಿನ್ ಆರಿತೇ ಎಂದು ಮೀಟರ್ ನೋಡಿದ್ದುಂಟು.

ಓಡಿಸುವ ಸುಖದ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ಸ್ಟೀರಿಂಗ್ ಚಕ್ರ ದೊಡ್ಡದು, ತೆಳುವು, ಎರಡು ಬೆರಳಲ್ಲಿ ತಿರುಗುತ್ತದೆ. ಚಾವಣಿಯ ಕಂಬಗಳು ಎಷ್ಟು ಸಣ್ಣವೆಂದರೆ ಸುತ್ತಲೂ ಬರೀ ಗಾಜು. ನಾಲ್ಕೂ ಚಕ್ರಕ್ಕೆ ಡಿಸ್ಕ್ ಬ್ರೇಕು, ಇವತ್ತಿನ ಟ್ರಾಫಿಕ್‌ಗೂ ಸಾಕು. ಅಮೆರಿಕಕ್ಕೆ ಬಂದ ಕಾರುಗಳಿಗೆ 4.08 ಅನುಪಾತದ (ಟಾಪ್ ಗೇರಿನಲ್ಲಿ ಚಕ್ರದ ಒಂದು ಸುತ್ತಿಗೆ ಎಂಜಿನ್ 4.08 ಸುತ್ತು ಸುತ್ತುವ) ಆಕ್ಸಲ್ ಹಾಕಿರುವುದರಿಂದ ಗಂಟೆಗೆ 100 ಕಿ.ಮೀ. ವೇಗಕ್ಕೇ ಎಂಜಿನ್ ನಿಮಿಷಕ್ಕೆ ಸುಮಾರು 3,400 ಸುತ್ತು ಸುತ್ತುತ್ತದೆ. ಹೆದ್ದಾರಿಯಲ್ಲಿ ಗಂಟೆಗಟ್ಟಲೆ ಹೋದರೆ ಕಿವಿ ದಣಿಯುತ್ತದೆ. ಸಮುದ್ರದಂಚಿನ ತಿರುವುಗಳ ರಸ್ತೆಯಲ್ಲಿ ಮಾತ್ರ ಇದಕ್ಕೆ ಸಾಟಿ ಇಲ್ಲ. ಆಟೊಮ್ಯಾಟಿಕ್ ಗೇರ್ ಬದಲಾಗುವಾಗ ಬೆನ್ನಿಗೆ ಸಣ್ಣ ತಳ್ಳು ಸಿಗುತ್ತದೆ, ಅದು ಕೆಟ್ಟಿರುವ ಲಕ್ಷಣವಲ್ಲ. ಮೈಲೇಜ್ ಲೀಟರಿಗೆ ಆರೇಳು ಕಿ.ಮೀ. ಟ್ಯಾಂಕ್ 82 ಲೀಟರಿನದು. ಲೆಕ್ಕ ನೀವೇ ಹಾಕಿಕೊಳ್ಳಿ.

ಬಟ್ಟೆಯ ಟಾಪ್ ತೆಗೆದು ಹಿಂದಿನ ಲೋಹದ ಮುಚ್ಚಳದಡಿ ಮಡಚಿಡುವುದು ಒಬ್ಬರ ಕೆಲಸ, ಒಂದೆರಡು ನಿಮಿಷ ಸಾಕು. ಚಳಿಯಲ್ಲಿ ಮಾತ್ರ ಬೇಡ, ಹಿಂದಿನ ಪ್ಲಾಸ್ಟಿಕ್ ಕಿಟಕಿ ಸೆಟೆದು ಗೀರು ಬೀಳುತ್ತದೆ. ಹಾರ್ಡ್‌ಟಾಪ್‌ಗೆ ಇಬ್ಬರು ಬೇಕೇ ಬೇಕು. “ಈ ಟೋಪಿ ಎತ್ತೋಕೇ ಅಂತ ನನ್ನ ಮದುವೆ ಆದ್ರಾ?” ಎಂದು ನಮ್ಮನೆಯವಳು ಕೇಳಿದ ಮೇಲೆ ಗ್ಯಾರೇಜಿನ ಸೂರಿಗೆ ರಾಟೆ ಕಟ್ಟಿಸಿದೆ.

ಕೊಳ್ಳುವವರು ಮೇಲೆ ಥಳುಕು ಒಳಗೆ ಹುಳುಕು ಆಗದಂತೆ ಎಲ್ಲಿ ನೋಡಬೇಕು? ಬಾನೆಟ್ ಎತ್ತಿ ಮುಂದಿನ ಫೆಂಡರ್ ಸೇರುವ ಅಂಚಿನಲ್ಲಿ ಕಾರ್ಖಾನೆಯ ಸ್ಪಾಟ್ ವೆಲ್ಡಿಂಗ್ ಗುಳಿಗಳು ಸಾಲಾಗಿ ಕಾಣಬೇಕು. ಅಲ್ಲಿ ನುಣುಪಾಗಿದ್ದರೆ ಪೆಟ್ಟು ಬಿದ್ದು ಪುಟ್ಟಿ ತುಂಬಿದೆ ಎಂದೇ ಅನುಮಾನಿಸಿ. ಬಾಗಿಲು, ಬಾನೆಟ್, ಡಿಕ್ಕಿ ಬಾಗಿಲು ಅಲ್ಯೂಮಿನಿಯಂ, ಹಾಗಾಗಿ ಅಲ್ಲಿ ಅಯಸ್ಕಾಂತ ಅಂಟಲಿಲ್ಲವೆಂದು ಗಾಬರಿ ಬೇಡ. ತುಕ್ಕು ತಿನ್ನುವುದು ನೆಲದ ತಗಡು, ಬಾಗಿಲ ಕೆಳಗಿನ ಸಿಲ್, ಡಿಕ್ಕಿಯ ತಳ. ಬಾನೆಟ್ಟು, ಹಾರ್ಡ್‌ಟಾಪ್‌ಗಳ ಮೇಲೆ ಒತ್ತಿರುವ ಬಾಡಿ ಸಂಖ್ಯೆ ಒಂದೇ ಆಗಿದ್ದರೆ ಬೆಲೆ ಏರುತ್ತದೆ. ಚೆನ್ನಾಗಿ ರಿಸ್ಟೋರ್ ಆದದ್ದು ಒಂದು ಲಕ್ಷ ಡಾಲರ್ ದಾಟುತ್ತದೆ. ಪಂಪ್ ಕೆಲಸದ ಬಿಲ್ ತೋರಿಸದವರಿಗೆ ಅಷ್ಟು ಕೊಡಬೇಡಿ.

ವರ್ಷದ ಖರ್ಚು ನಾನು ಹೆದರಿದಷ್ಟಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಪೆಟ್ರೋಲ್ ಕಾರುಗಳಿಗೆ ಹೊಗೆ ತಪಾಸಣೆ ಇಲ್ಲ. ಬೆಲೆಯನ್ನು ಮೊದಲೇ ಒಪ್ಪಿಕೊಂಡು ಮಾಡುವ ಸಂಗ್ರಾಹಕರ ವಿಮೆ, ದಿನಬಳಕೆಯ ಕಾರಿನದಕ್ಕಿಂತ ನನಗೆ ಅಗ್ಗವೇ ಬಿದ್ದಿದೆ. ಎಥನಾಲ್ ಬೆರೆತ ಪೆಟ್ರೋಲ್ ಹಳೆ ರಬ್ಬರ್ ಪೈಪುಗಳನ್ನು ತಿನ್ನುವುದರಿಂದ ಎಲ್ಲವನ್ನೂ ಬದಲಿಸಿದೆ.

ಬೆಂಗಳೂರಿನ ಗೆಳೆಯರು ಅಲ್ಲಿ ಇಂಥದ್ದನ್ನು ಇಟ್ಟುಕೊಳ್ಳಬಹುದೇ ಎಂದು ಕೇಳುತ್ತಾರೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ವಾಹನಕ್ಕೆ ‘ವಿಎ’ ಅಕ್ಷರಗಳ ವಿಂಟೇಜ್ ನಂಬರ್ ಸಿಗುತ್ತದೆ, ನೋಂದಣಿ ಶುಲ್ಕ 20,000 ರೂಪಾಯಿ. ಆದರೆ ಆ ನಂಬರಿನಲ್ಲಿ ದಿನನಿತ್ಯದ ಓಡಾಟಕ್ಕೆ ಅವಕಾಶವಿಲ್ಲ. ಪ್ರದರ್ಶನ, ರ್‍ಯಾಲಿಗಳಂಥದ್ದಕ್ಕೆ ಮಾತ್ರ. ನನ್ನ ಹಾಗೆ ಶನಿವಾರ ತರಕಾರಿ ತರಲು ತೆಗೆದುಕೊಂಡು ಹೋಗುವ ಚಟ ಇದ್ದವರಿಗೆ ಅದು ಒಗ್ಗುವುದಿಲ್ಲ.