ಕಪ್ಪು ಮನೆ, ಕೆಂಪು ಮನೆ, ಬಿಳಿ ಮನೆ: ಕೊಡಗಿನ ಮೂರು ದುಬಾರಿ ಫ್ಲ್ಯಾಟ್‌ಗಳಲ್ಲಿ ಇದ್ದು ನೋಡಿದ್ದು

ಕೊಡಗಿನಲ್ಲಿ ಒಂದು ಮನೆಯ ಒಳಗಿನ ಅಲಂಕಾರ ಹೇಗಿದೆ ಅಂತ ತಿಳಿಯಬೇಕಾದರೆ ಅದನ್ನು ಕಕ್ಕಡದಲ್ಲಿ, ಅಂದರೆ ಜುಲೈ-ಆಗಸ್ಟ್ ನಡುವಿನ ಜಡಿಮಳೆಯ ತಿಂಗಳಲ್ಲಿ ನೋಡಬೇಕು. ಜನವರಿಯಲ್ಲಿ ಎಲ್ಲ ಮನೆಯೂ ಚೆಂದವೇ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಬೀಳುತ್ತದೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿಯುತ್ತದೆ. ಆ ನಾಲ್ಕು ತಿಂಗಳು ಗೋಡೆ, ಹಾಸಿಗೆ, ಬೀರು, ಚಪ್ಪಲಿ ಎಲ್ಲಕ್ಕೂ ಪರೀಕ್ಷೆ.

ನಾವು ಮಡಿಕೇರಿಯಲ್ಲಿ ಒಂದು ಫ್ಲ್ಯಾಟ್ ತೆಗೆದುಕೊಂಡಿದ್ದೇವೆ. ಸದ್ಯಕ್ಕೆ ಬರೀ ಸಿಮೆಂಟ್ ಗೋಡೆ, ಒಳಗಿನ ಕೆಲಸ ಪೂರ್ತಿ ಬಾಕಿ. ಎಲ್ಲರ ಮನೆಯ ಹಾಗೆ ಕ್ರೀಮ್ ಬಣ್ಣ, ಪಿಒಪಿ ಸೀಲಿಂಗ್, ಗೋಡೆ ತುಂಬ ಟಿವಿ ಯೂನಿಟ್ ಮಾಡಿಸಲು ನನಗೆ ಮನಸ್ಸಿರಲಿಲ್ಲ. ಹಾಗಾಗಿ ಧೈರ್ಯವಾಗಿ ಬೇರೆ ಥರ ಮಾಡಿಸಿದವರ ಮೂರು ಮನೆ ಹುಡುಕಿಕೊಂಡು ಹೋದೆವು. ಮಡಿಕೇರಿಯಲ್ಲೊಂದು, ವಿರಾಜಪೇಟೆಯಲ್ಲೊಂದು, ಕುಶಾಲನಗರದಲ್ಲೊಂದು. ಮೂರೂ ನೆಂಟರು, ಪರಿಚಯದವರ ಮನೆಗಳೇ. ಸುಮ್ನೆ ಸುತ್ತು ಹಾಕಿ ಬರಲಿಲ್ಲ. ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ ಉಳಿದುಕೊಂಡೇ ಬಂದೆವು. ಜೊತೆಗೆ ಅತ್ತೆಯೂ ಇದ್ದರು. ಹೊಸ ಮನೆಯಲ್ಲಿ ನಮಗಿಂತ ಜಾಸ್ತಿ ಹೊತ್ತು ಇರುವವರು ಅವರೇ. ಮೊಣಕಾಲು ನೋವು ಬೇರೆ.

ಮೊದಲು ಮಡಿಕೇರಿಯ ಕಪ್ಪು ಮನೆ. ಗುಡ್ಡದ ಇಳಿಜಾರಿನಲ್ಲಿರುವ ಕಟ್ಟಡದ ಮೇಲಿನ ಮಹಡಿ. ಬಾಗಿಲು ತೆಗೆದರೆ ಹಾಲ್ ಪೂರ್ತಿ ಕಪ್ಪು. ಹೊಳಪಿಲ್ಲದ ಕಪ್ಪು ಗೋಡೆ, ಕಪ್ಪು ಚಾವಣಿ, ಕಪ್ಪು ಗ್ರಾನೈಟ್ ನೆಲ. ನಡುವೆ ಸಾಸಿವೆ ಬಣ್ಣದ ವೆಲ್ವೆಟ್ ಸೋಫಾ ಒಂದೇ. ಕಪ್ಪು ಅಂದರೆ ಉಸಿರುಕಟ್ಟಬಹುದು ಅಂದುಕೊಂಡೇ ಒಳಗೆ ಹೋಗಿದ್ದೆ. ಆದರೆ ಮಧ್ಯಾಹ್ನ ಕಿಟಕಿಯಾಚೆ ಮಂಜು ಇಳಿದಾಗ ಕಂಡದ್ದೇ ಬೇರೆ. ಗೋಡೆ ಬೆಳ್ಳಗಿದ್ದರೆ ಮಂಜೂ ಗೋಡೆಯೂ ಒಂದೇ ಬಣ್ಣವಾಗಿ ಎರಡೂ ಮಂಕಾಗುತ್ತವೆ. ಇಲ್ಲಿ ಸುತ್ತಲೂ ಕಪ್ಪಿರುವುದರಿಂದ ಕಿಟಕಿಯೊಂದೇ ಬೆಳಗಿತು. ಮಂಜು ಒಮ್ಮೆ ದಪ್ಪಗೆ, ಒಮ್ಮೆ ತೆಳ್ಳಗೆ ಹಾಯುವುದು, ಅದರೊಳಗಿಂದ ಸಿಲ್ವರ್ ಓಕ್ ಮರದ ತುದಿ ಒಂದೊಂದಾಗಿ ಕಾಣುವುದು, ಎಲ್ಲವೂ ಎದ್ದು ಕಂಡವು. ಟಿವಿ ಹಾಕಬೇಕು ಅಂತ ಯಾರಿಗೂ ಅನ್ನಿಸಲಿಲ್ಲ. ಈ ಒಂದು ವಿಷಯದಲ್ಲಿ ಉಳಿದೆರಡು ಮನೆಗಳೂ ಇದರ ಹತ್ತಿರಕ್ಕೆ ಬರಲಿಲ್ಲ.

ಆದರೆ ಮಲಗುವ ಕೋಣೆಯ ವಿಷಯ ಬೇರೆ. ಮಂಚದ ತಲೆಯ ಕಡೆಯ ಗೋಡೆಗೆ ಸೀಲಿಂಗ್‌ವರೆಗೂ ವೆಲ್ವೆಟ್ ಹೊದೆಸಿದ ಪ್ಯಾನೆಲ್. ಚಾವಣಿಗೆ ಕನ್ನಡಿ. ಕಿಟಕಿ ಪಕ್ಕದಲ್ಲೇ, ಅದೇ ಕೋಣೆಯೊಳಗೆ ಸ್ನಾನದ ತೊಟ್ಟಿ. ಬೇಸಿಗೆಯಲ್ಲಿ ನೋಡಿದಾಗ ದೊಡ್ಡ ಹೋಟೆಲಿನ ಕೋಣೆಯಂತಿತ್ತು. ಆಗಸ್ಟ್‌ನಲ್ಲಿ ಹೋದಾಗ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ. ಆ ಗೋಡೆ ಪಶ್ಚಿಮಕ್ಕಿದೆ. ನೈಋತ್ಯ ಮಾರುತದ ಮಳೆ ನೇರ ಬಂದು ಹೊಡೆಯುವುದೇ ಅಲ್ಲಿಗೆ. ಮನೆಯವರೇ ಒಂದು ಪ್ಯಾನೆಲ್ ಬಿಚ್ಚಿ ತೋರಿಸಿದರು. ಮುಂದೆ ವೆಲ್ವೆಟ್ ಚೆನ್ನಾಗಿಯೇ ಇದೆ. ಹಿಂದಿನ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ) ಹಲಗೆ ಅಂಚಿನಲ್ಲಿ ಉಬ್ಬಿ, ಬೆರಳಿಟ್ಟರೆ ಪುಡಿಯಾಗುತ್ತಿತ್ತು. ಅದರ ಮೇಲೆ ಬೂದು ಬಣ್ಣದ ಬೂಷ್ಟು ರುಪಾಯಿ ಅಗಲಕ್ಕೆ ಹಬ್ಬಿತ್ತು. ಗೋಡೆಗೂ ಹಲಗೆಗೂ ನಡುವೆ ಗಾಳಿ ಆಡುವುದಿಲ್ಲ. ಮೇಲ್ಮೈಯ ತೇವಾಂಶ ಶೇಕಡ 80 ದಾಟಿ ಹಾಗೇ ಇದ್ದರೆ ಬೂಷ್ಟು ಬಂದೇ ಬರುತ್ತದೆ. ಕಪ್ಪು ಗೋಡೆಯಲ್ಲಂತೂ ಅದು ಬಿಳಿ ಬಿಳಿಯಾಗಿ ದೂರದಿಂದಲೇ ಕಾಣುತ್ತದೆ. ಸ್ನಾನದ ತೊಟ್ಟಿಯ ಹಬೆಯೂ ಅದೇ ಕೋಣೆಯಲ್ಲಿ ಸುತ್ತುವುದರಿಂದ ಚಾವಣಿಯ ಕನ್ನಡಿಯ ಅಂಚು ಆಗಲೇ ಕಪ್ಪು ಚುಕ್ಕೆ ಹಿಡಿದಿತ್ತು.

ಈ ಮನೆಯ ಹೆಮ್ಮೆಯ ವಸ್ತು ಎಥನಾಲ್ ಅಗ್ಗಿಷ್ಟಿಕೆ. ಗೋಡೆಯೊಳಗೆ ಉದ್ದಕ್ಕೆ ನೀಲಿ-ಹಳದಿ ಉರಿ. ಹೊಗೆಯಿಲ್ಲ, ಚಿಮಣಿ ಬೇಡ. ನೋಡಲು ತುಂಬಾ ಚೆಂದ, ನಾನೂ ಅದರ ಮುಂದಿನಿಂದ ಏಳಲಿಲ್ಲ. ಆದರೆ ಎಥನಾಲ್ ಉರಿದರೆ ಹೊರಬರುವುದು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಿನ ಆವಿ. ಒಂದು ಲೀಟರ್ ಸುಟ್ಟರೆ ಸುಮಾರು 900 ಗ್ರಾಂ ನೀರು ಆವಿಯಾಗಿ ಕೋಣೆಗೇ ಸೇರುತ್ತದೆ. ಚಿಮಣಿ ಇಲ್ಲದ್ದರಿಂದ ಎಲ್ಲಿಗೂ ಹೋಗುವುದಿಲ್ಲ. ಹಳೆಯ ಎಸ್ಟೇಟ್ ಬಂಗಲೆಗಳ ಅಗ್ಗಿಷ್ಟಿಕೆ ಚಿಮಣಿಯ ಮೂಲಕ ಕೋಣೆಯ ಒದ್ದೆ ಗಾಳಿಯನ್ನೂ ಎಳೆದು ಹೊರಗೆ ಹಾಕುತ್ತಿತ್ತು. ಇದು ಬೆಚ್ಚಗೆ ಮಾಡುತ್ತದೆ, ಜೊತೆಗೆ ತೇವವನ್ನೂ ಕೊಡುತ್ತದೆ. ಪಕ್ಕದಲ್ಲೇ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಓಡುತ್ತಿತ್ತು. ಬೆಳಿಗ್ಗೆ ಎದ್ದು ಅದರ ಡಬ್ಬಿಯ ನೀರು ಚೆಲ್ಲುವುದೇ ಆ ಮನೆಯವರ ಮೊದಲ ಕೆಲಸ. ಮಳೆಗಾಲದಲ್ಲಿ ನಮ್ಮ ಕಡೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಹೇಳಲಾಗದು. ನಾವಿದ್ದ ರಾತ್ರಿಯೂ ಹೋಯಿತು. ಡಿಹ್ಯುಮಿಡಿಫೈಯರ್ ನಿಂತಿತು. ಯುಪಿಎಸ್‌ನ ಸಣ್ಣ ದೀಪದಲ್ಲಿ ಕಪ್ಪು ಹಾಲ್‌ನ ಮೂಲೆಗಳು ಎಲ್ಲಿವೆ ಅಂತಲೇ ಗೊತ್ತಾಗಲಿಲ್ಲ. ಅತ್ತೆ ಗೋಡೆ ಹಿಡಿದುಕೊಂಡೇ ಬಚ್ಚಲಿಗೆ ಹೋಗಿಬಂದರು. ವಯಸ್ಸಾದವರಿರುವ ಮನೆಗೆ ಇದು ಸಣ್ಣ ವಿಷಯವಲ್ಲ. ನೆಲವೂ ಕಪ್ಪು, ಗೋಡೆಯೂ ಕಪ್ಪು ಆಗಬಾರದು. ಯಾವುದಾದರೂ ಒಂದು ಬೇರೆ ಬಣ್ಣದಲ್ಲಿ ಇರಲೇಬೇಕು.

ಆ ಮನೆಯ ಸೋಫಾ ಬಗ್ಗೆ ಅತ್ತೆ ಹೇಳಿದ ಮಾತು ಇಷ್ಟೇ: "ಇದ್ರಲ್ಲಿ ಕೂತ್ರೆ ಯಾರಾದ್ರೂ ಎಬ್ಬಿಸ್ಬೇಕು ಮಾರಾಯ್ತಿ."

ವಿರಾಜಪೇಟೆಯ ಮನೆಯವರು ಹಿಡಿದ ದಾರಿ ಪೂರ್ತಿ ಬೇರೆ. ಗೋಡೆಗೆ ಪೇಂಟ್ ಇಲ್ಲ, ಸುಣ್ಣದ ಗಾರೆ. ಅದಕ್ಕೆ ಕೆಂಪು ಆಕ್ಸೈಡ್ ಬೆರೆಸಿ, ಕರಣೆಯಲ್ಲಿ ಉಜ್ಜಿ ಉಜ್ಜಿ ಮಾಡಿದ ಗಾಢ ಕೆಂಪು. ನೆಲವೂ ರೆಡ್ ಆಕ್ಸೈಡ್. ಊಟದ ಮೇಜಿನ ಮೇಲೆ ಕಾಫಿ ಗಿಡದ ಒಣ ರೆಂಬೆಗಳನ್ನು ಕಟ್ಟಿ ಮಾಡಿದ ದೊಡ್ಡ ತೂಗುದೀಪ. ಕಾಫಿ ಬುಡದ ಟೀಪಾಯಿ ನಮ್ಮಲ್ಲಿ ಮನೆಮನೆಯಲ್ಲೂ ಇದೆ, ಆದರೆ ರೆಂಬೆಗಳ ಈ ದೀಪವನ್ನು ನಾನು ಬೇರೆಲ್ಲೂ ನೋಡಿಲ್ಲ. ರಾತ್ರಿ ಅದು ಹತ್ತಿದಾಗ ಕೆಂಪು ಗೋಡೆಯ ಮೇಲೆ ರೆಂಬೆಗಳ ನೆರಳು ಬೀಳುತ್ತದೆ. ನಾಲ್ಕು ಜನ ಊಟಕ್ಕೆ ಕೂತರೆ ಎದ್ದು ಹೋಗಲು ಮನಸ್ಸು ಬರುವುದಿಲ್ಲ.

ಮಳೆಗಾಲದಲ್ಲಿ ಈ ಮನೆಯ ಗೋಡೆ ಮುಟ್ಟಿ ನೋಡಿದೆ. ತಣ್ಣಗಿತ್ತು, ಒದ್ದೆ ಇರಲಿಲ್ಲ. ಸುಣ್ಣದ ಗೋಡೆ ತೇವ ಹೀರಿಕೊಂಡು, ಗಾಳಿ ಒಣಗಿದಾಗ ವಾಪಸು ಬಿಡುತ್ತದೆ. ಸುಣ್ಣದ ಕ್ಷಾರಕ್ಕೆ ಬೂಷ್ಟು ಸುಲಭಕ್ಕೆ ಹತ್ತುವುದಿಲ್ಲ. ಕೆಳಗೆ ಸಿಮೆಂಟ್ ಗೋಡೆ ಇರುವುದರಿಂದ ಹಳೆಯ ಮಣ್ಣಿನ ಗೋಡೆಯಷ್ಟು ಕೆಲಸ ಮಾಡದಿದ್ದರೂ, ಪ್ಲಾಸ್ಟಿಕ್ ಎಮಲ್ಷನ್ ಬಳಿದ ಗೋಡೆಗೂ ಇದಕ್ಕೂ ಇರುವ ವ್ಯತ್ಯಾಸ ಮೂಗಿಗೇ ಗೊತ್ತಾಗುತ್ತದೆ. ಒಂದು ತೊಂದರೆ ಇದೆ. ಬಿಳಿ ಅಂಗಿ ಹಾಕಿಕೊಂಡು ಗೋಡೆಗೆ ಒರಗಿದರೆ ಬೆನ್ನಿಗೆ ಕೆಂಪು ಹತ್ತುತ್ತದೆ. ಮಕ್ಕಳಿರುವ ಮನೆಯಲ್ಲಿ ಸೊಂಟದ ಎತ್ತರದವರೆಗೆ ಸೋಪು ನೀರು ಹಚ್ಚಿ ಕಲ್ಲಿನಲ್ಲಿ ಉಜ್ಜಿಸುವುದು ಒಳ್ಳೆಯದು.

ಹಾಲ್‌ನಲ್ಲಿ ಸೋಫಾ ಬದಲು ಐಮರ ಇತ್ತು. ಕೊಡವ ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಕೈಯಾಲೆಯಲ್ಲಿ, ಅಂದರೆ ಜಗುಲಿಯಲ್ಲಿ, ಕಂಬಗಳ ನಡುವೆ ಹಾಕುವ ಅಗಲದ ಹಲಗೆ ಅದು. ಅವರ ಕುಟುಂಬದ ಹಳೆಯ ಮನೆಯ ಒಂದು ಭಾಗ ಕುಸಿದಾಗ ಎರಡು ಕಂಬ, ಒಂದು ಐಮರ ಉಳಿಸಿ ತಂದಿದ್ದಾರೆ. ಹಲಗೆಯ ಅಂಚು ನೂರಾರು ಜನ ಕೂತು ಎದ್ದು ಸವೆದು, ಕೈಯಾಡಿಸಿದರೆ ಎಲ್ಲೂ ಒರಟಿಲ್ಲ. ಎತ್ತರ ಸರಿಯಾಗಿತ್ತು. ಅತ್ತೆ ಅಲ್ಲಿ ಕೂತವರು ಕಾಫಿ ಕುಡಿದು ಯಾರ ಕೈಯೂ ಹಿಡಿಯದೆ ಎದ್ದರು. ತಮ್ಮದೇ ಮನೆಯದ್ದನ್ನು ಉಳಿಸಿಕೊಂಡರೆ ಅದು ಗೌರವ. ಆದರೆ ಇಂಥ ಕಂಬಗಳನ್ನು ವ್ಯಾಪಾರಿಗಳಿಂದ ದುಡ್ಡು ಕೊಟ್ಟು ತಂದು ಫ್ಲ್ಯಾಟ್‌ನಲ್ಲಿ ನಿಲ್ಲಿಸುವುದು ನನಗೆ ಒಪ್ಪಿಗೆಯಿಲ್ಲ. ಅದಕ್ಕೆ ಬೇಡಿಕೆ ಹೆಚ್ಚಿದಷ್ಟೂ ಇನ್ನೊಂದು ಐನ್‌ಮನೆ ಬಿಚ್ಚುವುದಕ್ಕೆ ಕಾರಣ ಸಿಗುತ್ತದೆ.

ಇನ್ನೊಂದು ವಿಷಯದಲ್ಲಿ ಅತ್ತೆಗೆ ಬೇಸರವಾಯಿತು. ಬಚ್ಚಲಿನ ಹಾದಿಯಲ್ಲಿ ಹಿತ್ತಾಳೆಯ ತೂಗುದೀಪ ನೇತುಹಾಕಿ ಅದರೊಳಗೆ ಎಲ್‌ಇಡಿ ಬಲ್ಬ್ ಇಟ್ಟಿದ್ದರು. ನೆಲ್ಲಕ್ಕಿ ನಡುಬಾಡೆಯಲ್ಲಿ (ಐನ್‌ಮನೆಯ ನಡುಮನೆ) ಹಿರಿಯರನ್ನು ನೆನೆದು ಬೆಳಿಗ್ಗೆ ಸಂಜೆ ಹಚ್ಚುವ ದೀಪ ಬಚ್ಚಲ ಹಾದಿಗೆ ಬರಬಾರದಿತ್ತು ಅಂತ ಅವರು ಮೆಲ್ಲಗೆ ಹೇಳಿದರು. ಮನೆಯವರು ಬೇಜಾರು ಮಾಡಿಕೊಳ್ಳದೆ ಮಾರನೇ ದಿನವೇ ಅದನ್ನು ಹಾಲ್‌ನ ನಡುವಿಗೆ ತಂದು ಹಾಕಿದರು. ಅಲ್ಲಿ ಅದು ಇನ್ನೂ ಚೆನ್ನಾಗಿ ಕಂಡಿತು.

ಗಾಢ ಬಣ್ಣ ನಮ್ಮೂರಿಗೆ ಒಗ್ಗುವುದಿಲ್ಲ, ಅದೆಲ್ಲ ದೊಡ್ಡ ಪಟ್ಟಣದವರ ಶೋಕಿ ಅಂತ ಹೇಳುವವರಿದ್ದಾರೆ. ಅವರು ಒಮ್ಮೆ ಕಕ್ಕಬ್ಬೆ ಹತ್ತಿರದ ನಾಲ್ಕುನಾಡು ಅರಮನೆಗೆ ಹೋಗಿ ಬರಲಿ. ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಮಳೆ ಜಡಿಯುವ ಜಾಗದಲ್ಲಿ ಕಟ್ಟಿಸಿದ್ದು. ಅದರ ಗೋಡೆಯಲ್ಲಿ ಚಿತ್ರಗಳಿವೆ, ಚಾವಣಿಯ ಮರದಲ್ಲೂ ಕೆತ್ತನೆ, ಬಣ್ಣ. ಮಡಿಕೇರಿ ಕೋಟೆಯ ಅಂಗಳದಲ್ಲಿ ಗಾರೆಯಲ್ಲಿ ಮಾಡಿದ ನಿಜ ಗಾತ್ರದ ಎರಡು ಆನೆಗಳೇ ನಿಂತಿವೆ. ಅಂಗಳದಲ್ಲಿ ಆನೆ ನಿಲ್ಲಿಸಿದ ಊರಿನವರು ಹಾಲ್‌ಗೆ ಕಪ್ಪು ಬಳಿದರೆ ಹೆಚ್ಚೇನಲ್ಲ ಅಲ್ವಾ?

ಕುಶಾಲನಗರದ ಬಿಳಿ ಮನೆಯ ಬಗ್ಗೆ ಹೇಳುವುದು ಕಡಿಮೆ. ಗುಂಗುರು ಬಟ್ಟೆಯ ಬಿಳಿ ಸೋಫಾ, ಬಿಳಿ ಪರದೆ, ಒಂದು ಗೋಡೆಗೆ ಕಾಡಿನ ಚಿತ್ರದ ವಾಲ್‌ಪೇಪರ್, ನೆಲಕ್ಕೆ ಎರಡು ಮೂರು ಮಿಲಿಮೀಟರ್ ದಪ್ಪದ ಮೈಕ್ರೋಸಿಮೆಂಟ್ ಎಂಬ ತೆಳು ಸಿಮೆಂಟ್ ಲೇಪ. ಕಾಡಿನ ನಡುವೆಯೇ ಇರುವ ಜಿಲ್ಲೆಯಲ್ಲಿ ಕಾಡಿನ ವಾಲ್‌ಪೇಪರ್ ಯಾಕೆ ಬೇಕೋ ನನಗೆ ತಿಳಿಯಲಿಲ್ಲ. ಆಗಸ್ಟ್‌ನಲ್ಲೂ ಎಲ್ಲ ಸರಿಯಾಗಿಯೇ ಇತ್ತು. ಅದು ಅಲಂಕಾರದ ಗುಣವಲ್ಲ, ಊರಿನ ಗುಣ. ಅಲ್ಲಿ ಬೀಳುವ ಮಳೆ ಮಡಿಕೇರಿಯ ಅರ್ಧದಷ್ಟೂ ಇಲ್ಲ. ಅದೇ ವಾಲ್‌ಪೇಪರ್ ಮಡಿಕೇರಿಯ ಪಶ್ಚಿಮದ ಗೋಡೆಯಲ್ಲಿದ್ದರೆ ಜೋಡಣೆ ಬಿಟ್ಟುಕೊಂಡು ಹಿಂದೆ ಬೂಷ್ಟು ಬರುತ್ತದೆ. ಮೈಕ್ರೋಸಿಮೆಂಟ್‌ನಲ್ಲಿ ಕೂದಲೆಳೆಯಷ್ಟು ಬಿರುಕು ಆಗಲೇ ಕಂಡಿತು, ಕೆಳಗಿನ ನೆಲ ಬಿರಿದ ಕಡೆಯೇ ಅದೂ ಬಿರಿದಿದೆ.

ಆದರೆ ಅಡುಗೆಮನೆಯಲ್ಲಿ ಮಾತ್ರ ಈ ಮನೆಯೇ ಮುಂದೆ. ಮೇಲಿನ ಕಪಾಟುಗಳೇ ಇಲ್ಲ, ಎಲ್ಲ ತೆರೆದ ಹಲಗೆಗಳು. ಪಾತ್ರೆ, ಡಬ್ಬಿ ಕಣ್ಣೆದುರೇ ಇರುತ್ತವೆ, ಗಾಳಿಯೂ ಆಡುತ್ತದೆ. ಕೆಳಗಿನ ಕಪಾಟಿಗೆ ಐಎಸ್ (ಭಾರತೀಯ ಮಾನಕ) 710 ಗುರುತಿನ ಮೆರೀನ್ ಪ್ಲೈವುಡ್ ಹಾಕಿಸಿದ್ದಾರೆ. ಅಂಗಡಿಯಲ್ಲಿ 'ವಾಟರ್‌ಪ್ರೂಫ್' ಅಂತ ಬಾಯಲ್ಲಿ ಹೇಳಿ ಎಂಆರ್ ದರ್ಜೆಯ ಹಲಗೆ ಕೊಡುವವರಿದ್ದಾರೆ. ಅದು ಸಾಮಾನ್ಯ ಪ್ಲೈವುಡ್‌ನ ಮಾನಕವಾದ ಐಎಸ್ 303ರ ಕೆಳಗಿನ ದರ್ಜೆ, ತೇವ ಸ್ವಲ್ಪ ತಡೆಯುತ್ತದೆ ಅಷ್ಟೇ. ಹಲಗೆಯ ಮೇಲಿನ ಮುದ್ರೆಯನ್ನು ನೀವೇ ಓದಿ ತೆಗೆದುಕೊಳ್ಳಿ.

ಮೂರು ಮನೆಯಲ್ಲೂ ನಾನು ಬೀರು ತೆಗೆದು ನೋಡಿದೆ, ಮನೆಯವರನ್ನು ಕೇಳಿಯೇ. ಮಡಿಕೇರಿಯದು ಗಾಜಿನ ಬಾಗಿಲಿನ ದುಬಾರಿ ವಾರ್ಡ್‌ರೋಬ್, ಒಳಗೆ ಚರ್ಮದ ಬೆಲ್ಟಿಗೆ ಬೂಷ್ಟು. ವಿರಾಜಪೇಟೆಯದರಲ್ಲಿ ಬಾಗಿಲಿಗೆ ಕೆಳಗೂ ಮೇಲೂ ಬೆತ್ತದ ಹೆಣಿಗೆ, ಒಳಗೆ ಮೂಲೆಯಲ್ಲೊಂದು 40 ವ್ಯಾಟಿನ ಹಳೇ ಬಲ್ಬು. ನಮ್ಮ ಅಜ್ಜಿಯರ ಕಾಲದಿಂದ ಇರುವ ಉಪಾಯ. ಎಲ್‌ಇಡಿ ಅಷ್ಟು ಕಾವು ಕೊಡುವುದಿಲ್ಲವಾದ್ದರಿಂದ ತಂತಿಯ ಬಲ್ಬೇ ಬೇಕು. ರೇಷ್ಮೆ ಸೀರೆ, ಕುಪ್ಯ (ಕೊಡವ ಗಂಡಸರ ನಿಲುವಂಗಿ) ಎಲ್ಲ ಗರಿಗರಿಯಾಗಿತ್ತು.

ಈಗ ನಾವು ಏನು ಮಾಡಿಸುತ್ತಿದ್ದೇವೆ ಅಂದರೆ, ಕಿಟಕಿಯಿರುವ ಗೋಡೆಗೆ ಮಾತ್ರ ಕಪ್ಪು, ಉಳಿದ ಮೂರಕ್ಕೆ ಬಿಳಿ ಸುಣ್ಣ. ಆ ಕಪ್ಪನ್ನೂ ಪೇಂಟ್ ಬದಲು ಸುಣ್ಣದಲ್ಲೇ ತರಬೇಕು ಅಂತ ನನ್ನ ಹಟ. ಗಾರೆ ಮೇಸ್ತ್ರಿ ಮೊದಲೇ ಹೇಳಿದ್ದಾರೆ: "ಅಕ್ಕ, ಸುಣ್ಣದಲ್ಲಿ ಕಡು ಕಪ್ಪು ಬರಲ್ಲ. ಎಷ್ಟು ಆಕ್ಸೈಡ್ ಹಾಕಿದ್ರೂ ಒಣಗಿದ್ಮೇಲೆ ಇದ್ದಿಲ ಬಣ್ಣ." ನನಗೆ ಅದೂ ಸಾಕು. ಪಶ್ಚಿಮದ ಗೋಡೆಯಲ್ಲಿ ಮೂರು ಬೇರೆ ಬೇರೆ ಅಳತೆಯ ಮಿಶ್ರಣ ಬಳಿಸಿ ಬಿಟ್ಟಿದ್ದೇವೆ. ಈ ಮಳೆಗಾಲ ಕಳೆದ ಮೇಲೆ ಯಾವುದು ನಿಲ್ಲುತ್ತದೋ ಅದು. ನೆಲಕ್ಕೆ ರೆಡ್ ಆಕ್ಸೈಡ್. ಕೂರಲು ಅತ್ತೆಯ ಮೊಣಕಾಲಿನ ಎತ್ತರಕ್ಕೆ ಹಲಸಿನ ಮರದ ಹೊಸ ಹಲಗೆ, ಆಚಾರಿ ಬಂದು ಅಳತೆ ತೆಗೆದುಕೊಂಡು ಹೋಗಿದ್ದಾರೆ. ಅಡುಗೆಮನೆಗೆ ಕುಶಾಲನಗರದ ಮಾದರಿ.

ಮಲಗುವ ಕೋಣೆಯೊಳಗೆ ಸ್ನಾನದ ತೊಟ್ಟಿ ಬೇಡ. ಪ್ಲಾನ್‌ನಲ್ಲಿ ಅದಕ್ಕೆಂದು ಬಿಟ್ಟಿದ್ದ ಜಾಗವನ್ನು ಬಟ್ಟೆ ಒಣಗಿಸಲು ಇಟ್ಟುಕೊಂಡಿದ್ದೇವೆ. ಮೂರೂ ಮನೆಗಳಲ್ಲಿ ಲಕ್ಷಗಟ್ಟಲೆ ಸುರಿದಿದ್ದಾರೆ, ಆದರೆ ಮಳೆಗಾಲದಲ್ಲಿ ಬಟ್ಟೆ ಎಲ್ಲಿ ಒಣಗಬೇಕು ಅಂತ ಯೋಚಿಸಿದ್ದು ವಿರಾಜಪೇಟೆಯವರೊಬ್ಬರೇ. ಅವರು ರಾಟೆಯಲ್ಲಿ ಮೇಲೆ ಕೆಳಗೆ ಎಳೆಯುವ ಬಿದಿರಿನ ಗಳ ಹಾಕಿಸಿದ್ದಾರೆ, ಪಕ್ಕದಲ್ಲೇ ಒಂದು ಎಕ್ಸಾಸ್ಟ್ ಫ್ಯಾನ್. ನಮಗೂ ಅದೇ ಥರ ಎರಡು ಗಳ ಬೇಕು ಅಂತ ಮೇಸ್ತ್ರಿಗೆ ಹೇಳಿಯಾಗಿದೆ.